ಹರಳಿನ ಗೂಡು: ರೆಡಿ ಕಪ್ ಕೊಂಡು ಕೆಟ್ಟೆ, ಪಟ್ಟಿ ಸುತ್ತಿ ಬದುಕಿದೆ

ನನ್ನ ಕೆಲಸದ ಮೇಜಿನ ಕೆಳಖಾನೆಯಲ್ಲಿ ಒಂದು ಡಬ್ಬಿ ಇದೆ, ತುಂಬ ರೆಡಿ ಬೆಜೆಲ್ ಕಪ್‌ಗಳು, ಅಂದರೆ ಆಭರಣದಲ್ಲಿ ಕಲ್ಲು ಕೂರಿಸಿ ಅಂಚು ಮಡಿಸುವ ಬೆಳ್ಳಿಯ ಪುಟ್ಟ ಬಟ್ಟಲುಗಳು. ಎರಡು ವರ್ಷದ ಹಿಂದೆ ಹುಮ್ಮಸ್ಸಿನಲ್ಲಿ 50 ಕೊಂಡೆ. ಬಳಸಿದ್ದು 11. ಆ 11ರಲ್ಲಿ ಒಂದಕ್ಕೆ ಕೊನೆಗೆ ನಾನೇ ತೂತು ಕೊರೆಯಬೇಕಾಯಿತು. ಹಾಗಾಗಿ ನಾನು ಯಾರ ಪಕ್ಷ ಅನ್ನುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಪ್ಪಟ ಬೆಳ್ಳಿಯ ಪಟ್ಟಿಯನ್ನು ಕಲ್ಲಿನ ಸುತ್ತ ಬಳಸಿ, ಬೆಸೆದು, ಗೂಡು ಕಟ್ಟುವವರ ಪಕ್ಷ.

ಕಣದಲ್ಲಿ ಇರುವವು ಮೂರು: ಅಚ್ಚು ಒತ್ತಿದ ರೆಡಿ ಕಪ್, ಮುಳ್ಳುಗಳಿಂದ ಕಲ್ಲನ್ನು ಹಿಡಿಯುವ, ಎರಕ ಹೊಯ್ದ ರೆಡಿ ಪ್ರಾಂಗ್ ಗೂಡು, ಮತ್ತು ಸುರುಳಿಯಾಗಿ ಬರುವ ಪಟ್ಟಿ. ಪಟ್ಟಿಯಲ್ಲಿ 999 ಅಪ್ಪಟ ಬೆಳ್ಳಿ ಒಂದು, 925 ಸ್ಟರ್ಲಿಂಗ್ (ಸಾವಿರದಲ್ಲಿ 925 ಪಾಲು ಬೆಳ್ಳಿ) ಇನ್ನೊಂದು. ಎಲ್ಲವನ್ನೂ ನನ್ನ ಕಾಸಿನಲ್ಲೇ ಕೊಂಡು ನೋಡಿದ್ದೇನೆ.

ಮೊದಲು ನನ್ನ ಅಭ್ಯಾಸ ಹೇಳಿಬಿಡುತ್ತೇನೆ, ತೀರ್ಪೆಲ್ಲ ಅದರ ಮೇಲೇ ನಿಂತಿದೆ. ನನಗೆ ಕಲ್ಲು ಮೊದಲು, ಚಿತ್ರ ಆಮೇಲೆ. ಯಾವುದೋ ಕಲ್ಲು ಕಣ್ಣಿಗೆ ಬೀಳುತ್ತದೆ, ವಾರಗಟ್ಟಲೆ ಮೇಜಿನ ಮೇಲೆ ಬಿದ್ದಿರುತ್ತದೆ, ಒಂದು ದಿನ ಅದರ ಸುತ್ತ ಗೆರೆ ಎಳೆಯಬೇಕು ಅನ್ನಿಸುತ್ತದೆ. ಒಂದರಂತೆ ಇನ್ನೊಂದು ಮಾಡಿದ್ದೇ ಇಲ್ಲ. ಕಲ್ಲುಗಳೂ ಹಾಗೆಯೇ, ಒಂದು ಕಣ್ಣೀರ ಹನಿಯಂತೆ, ಇನ್ನೊಂದು ಕಾಲು ಜಾರಿದ ಮೊಟ್ಟೆಯಂತೆ.

ಆ ತೂತಿನ ಕಥೆಗೆ ಬರುತ್ತೇನೆ. ಕಲ್ಲು ಲ್ಯಾಬ್ರಡೊರೈಟ್. ನೇರ ನೋಡಿದರೆ ಬೂದಿ ಬಣ್ಣ, ತುಸು ವಾಲಿಸಿದರೆ ನವಿಲುಗತ್ತಿನ ನೀಲಿ. ಚೀಟಿಯಲ್ಲಿ 18×13 ಮಿ.ಮೀ. ಎಂದಿತ್ತು. ಕಪ್ ಮೇಲೂ 18×13. ಇನ್ನೇನು ಬೇಕು? ಆದರೆ ಕೈಯಲ್ಲಿ ಉಜ್ಜಿದ ಕಲ್ಲು ಚೀಟಿಯ ಮಾತು ಕೇಳುವುದಿಲ್ಲ. ಕ್ಯಾಲಿಪರ್ ಹಿಡಿದರೆ ನಡುವೆ 13.1, ತುಸು ಕೆಳಗಿಳಿದರೆ 13.3. ಅಳೆದದ್ದು ಆಮೇಲೆ ಅನ್ನಿ. ಮೊದಲು ಮಾಡಿದ್ದು, ಕೂರುತ್ತದಾ ನೋಡೋಣ ಅಂತ ಹೆಬ್ಬೆರಳಿನಲ್ಲಿ ಒತ್ತಿದ್ದು. ಟಿಕ್ ಅಂತ ಒಂದು ಸಣ್ಣ ಸದ್ದು. ಕೂತಿತು. ಮತ್ತೆ ಏಳಲಿಲ್ಲ.

ಕಪ್ ಇನ್ನೂ ಪದಕದ ತಗಡಿಗೆ ಬೆಸುಗೆಯಾಗಿರಲಿಲ್ಲ. ಬೆಂಕಿ ತಾಗುವ ಮುಂಚೆ ಕಲ್ಲು ಹೊರಗೆ ಬರಲೇಬೇಕು. ಲ್ಯಾಬ್ರಡೊರೈಟ್ ಫೆಲ್ಡ್‌ಸ್ಪಾರ್ ಕುಲದ್ದು, ಎರಡು ದಿಕ್ಕಿನಲ್ಲಿ ಸೀಳುವ ಗುಣ ಅದರ ಹುಟ್ಟಿನಲ್ಲೇ ಇದೆ; ಟಾರ್ಚ್ ಹಿಡಿದರೆ ಮುಗಿಯಿತು. ಬೋರಲು ಹಾಕಿ ಮೇಜಿಗೆ ತಟ್ಟಿದೆ. ಜೇನುಮೇಣದ ಉಂಡೆ ಅಂಟಿಸಿ ಎಳೆದೆ, ಮೇಣ ಬಂತು. ಅಗಲದ ಟೇಪ್ ಅಂಟಿಸಿ ಎಳೆದೆ, ಟೇಪ್ ಬಂತು. ಬಿಸಿನೀರಿನಲ್ಲಿ ಅದ್ದಿದೆ. ಬಿಸಿಗೆ ಬೆಳ್ಳಿ ಕಲ್ಲಿಗಿಂತ ಹೆಚ್ಚು ಹಿಗ್ಗುವುದು ನಿಜ, ಆದರೆ 13 ಮಿ.ಮೀ. ಅಗಲಕ್ಕೆ ಆ ಹಿಗ್ಗು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ಕಲ್ಲು ಅಲ್ಲಾಡಲಿಲ್ಲ.

ರಾತ್ರಿ ಹನ್ನೊಂದಕ್ಕೆ ತಾಳ್ಮೆ ತೀರಿ, ಸಣ್ಣ ಡ್ರಿಲ್ ಬಿಟ್‌ನಿಂದ ಕಪ್‌ನ ತಳ ಕೊರೆದೆ. ತಳ ಕಾಗದದಷ್ಟು ತೆಳು. ಬಿಟ್ ಸರಕ್ಕನೆ ದಾಟಿ ಕಲ್ಲಿನ ಬೆನ್ನಿಗೆ ಗೀರು ಎಳೆಯಿತು. ಹಲ್ಲುಕಡ್ಡಿ ತೂರಿಸಿ ನೂಕಿದಾಗ ಕಲ್ಲು ಹಾರಿ ಬಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಬುಡದ ಅಂಚಿನಲ್ಲಿ ಅರ್ಧ ಸಾಸಿವೆಯಷ್ಟು ಚಕ್ಕೆ ಎದ್ದಿದೆ.

ತಪ್ಪು ಕಪ್‌ನದಲ್ಲ, ನನ್ನದು ಅನ್ನುವವರಿಗೆ ನನ್ನ ಒಪ್ಪಿಗೆ ಇದೆ. ಗೂಡಿಗೆ ಅಡ್ಡಲಾಗಿ ಹಲ್ಲಿನ ಫ್ಲಾಸ್ ದಾರ ಹಾಸಿ ಅದರ ಮೇಲೆ ಕಲ್ಲು ಇಟ್ಟರೆ, ಎರಡು ತುದಿ ಎತ್ತಿದ ಕೂಡಲೇ ಕಲ್ಲು ಎದ್ದು ಬರುತ್ತದೆ. ಈ ಕಸುಬಿನಲ್ಲಿ ಮೊದಲ ವಾರವೇ ಹೇಳಿಕೊಡುವ ಉಪಾಯ, ನನಗೂ ಹೇಳಿಕೊಟ್ಟಿದ್ದರು. ಆದರೆ ಪಟ್ಟಿ ಸುತ್ತಿದಾಗ ಈ ಪೇಚಾಟಕ್ಕೆ ಎಡೆಯೇ ಕಡಿಮೆ. ಪಟ್ಟಿಯ ಬಳೆಗೆ ಮೊದಲು ತಳವೇ ಇರುವುದಿಲ್ಲ. ಕಲ್ಲನ್ನು ಮೇಲಿಂದ ಇಟ್ಟು ನೋಡು, ಕೆಳಗಿನಿಂದ ಬೆರಳಲ್ಲಿ ನೂಕಿ ತೆಗೆ. ಅಳತೆ ಸರಿ ಅನ್ನಿಸಿದ ಮೇಲೆ ತಾನೆ ತಗಡಿಗೆ ಬೆಸೆಯುವುದು. ಬೆಸೆದ ಮೇಲೆ ನೋಡುವಾಗ ಮಾತ್ರ ದಾರ ಮರೆಯಬಾರದು.

ಕಪ್‌ನ ಇನ್ನೊಂದು ಕೊರತೆ, ಎತ್ತರ. ಕಲ್ಲಿನ ಗುಮ್ಮಟ ತಗ್ಗಿದ್ದರೆ ಕಲ್ಲು ಕಪ್‌ನಲ್ಲಿ ಮುಳುಗುತ್ತದೆ, ಎತ್ತರವಿದ್ದರೆ ಹಿಡಿತ ಸಾಲದು.

ಪ್ರಾಂಗ್ ಬಗ್ಗೆ ಹೆಚ್ಚು ಹೇಳಲಾರೆ. ಮುಖ ಮುಖವಾಗಿ ಕೊಯ್ದ ಪಾರದರ್ಶಕ ಹರಳಿಗೆ ಬೆಳಕು ಪಕ್ಕದಿಂದಲೂ ಕೆಳಗಿನಿಂದಲೂ ಬೇಕು, ಅಲ್ಲಿ ಪ್ರಾಂಗ್ ರಾಜ. ನೀಲದಂಥ, 10ರವರೆಗಿನ ಮೋಸ್ ಗಡಸು ಮಾಪಕದಲ್ಲಿ 9 ಇರುವ ಕಲ್ಲಿದ್ದರೆ ಭಯವಿಲ್ಲ. ನೀಲಿ ಪುಷ್ಯರಾಗ 8 ಇದ್ದರೂ ಒಂದು ದಿಕ್ಕಿನಲ್ಲಿ ಕತ್ತರಿಸಿದಂತೆ ಸೀಳುತ್ತದೆ, ಮುಳ್ಳು ಬಗ್ಗಿಸುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ನಾನು ಮಾಡಿದ ಎರಡು ಪ್ರಾಂಗ್ ಉಂಗುರಗಳಲ್ಲಿ ಒಂದು, ಉಣ್ಣೆಯ ಎಳೆ ಸಿಕ್ಕಿ ಮುಳ್ಳು ಎದ್ದ ಸ್ಥಿತಿಯಲ್ಲಿ ವಾಪಸ್ ಬಂತು. ಅಲ್ಲಿಗೆ ಸಾಕು.

ಈಗ ನನ್ನ ಮೆಚ್ಚಿನ 999ರ ಪಟ್ಟಿ. 28 ಗೇಜ್, ಅಂದರೆ 0.32 ಮಿ.ಮೀ. ದಪ್ಪ. ಅಡ್ಡಾದಿಡ್ಡಿ ಕಲ್ಲಿನ ಸುತ್ತಳತೆಗೆ ಸೂತ್ರ ಹುಡುಕುತ್ತಾ ಕೂರಬೇಡಿ. ಕಾಗದದ ಟೇಪಿನ ಸಣ್ಣ ಎಳೆಯನ್ನು ಕಲ್ಲಿನ ಬುಡಕ್ಕೆ ಸುತ್ತಿ, ಒಂದರ ಮೇಲೊಂದು ಬಂದಲ್ಲಿ ಬ್ಲೇಡಿನಿಂದ ಕೊಯ್ದು, ಬಿಡಿಸಿ ಅಳತೆಪಟ್ಟಿಗೆ ಅಂಟಿಸಿ. ಆ ಅಂಕಿಗೆ ಪಟ್ಟಿಯ ದಪ್ಪದ 3.14ರಷ್ಟು ಸೇರಿಸಬೇಕು. 0.32ಕ್ಕೆ ಅದು ಹೆಚ್ಚುಕಡಿಮೆ 1 ಮಿ.ಮೀ. ಆಗುತ್ತದೆ, ನೆನಪಿಡಲು ಸುಲಭ. ಅನುಮಾನ ಬಂದರೆ ಕೂದಲೆಳೆಯಷ್ಟು ಬಿಗಿಯಾಗಿಯೇ ಕತ್ತರಿಸಿ. ಬಿಗಿಯಾದ ಬಳೆಯನ್ನು ಕಬ್ಬಿಣದ ಕೋಲಿಗೆ ಹಾಕಿ ಮೆಲ್ಲಗೆ ತಟ್ಟಿ ಹಿಗ್ಗಿಸಬಹುದು. ಸಡಿಲವಾದದ್ದನ್ನು ಕತ್ತರಿಸಿ ಮತ್ತೆ ಬೆಸೆಯದೆ ಗತಿಯಿಲ್ಲ.

ತುದಿಗಳನ್ನು ಅರದಿಂದ ಉಜ್ಜಿ, ಜೋಡಿಸಿ, ದೀಪಕ್ಕೆ ಹಿಡಿಯುತ್ತೇನೆ. ನಡುವೆ ಬೆಳಕಿನ ಗೆರೆ ಕಂಡರೆ ಮತ್ತೆ ಉಜ್ಜು. ಬೆಸುಗೆ ಸಂದು ತುಂಬುವುದಿಲ್ಲ, ತಾಗಿದ್ದನ್ನು ಮಾತ್ರ ಕೂಡಿಸುತ್ತದೆ. ಬೆಸುಗೆ ಹರಿಯಲು ನೆರವಾಗುವ ಬಿಳಿಗಾರ ಸವರಿ, ಗಡಸು ಬೆಸುಗೆಯ (ಹೆಚ್ಚು ಬಿಸಿಗೆ ಕರಗುವಂಥದ್ದು) ಒಂದು ಚೂರು ಇಟ್ಟು, ಜ್ವಾಲೆಯನ್ನು ಬಳೆಯ ಸುತ್ತ ಆಡಿಸಬೇಕು. ಬಿಳಿಗಾರ ಮೊದಲು ಉಬ್ಬಿ ಚೂರನ್ನು ಪಕ್ಕಕ್ಕೆ ತಳ್ಳುತ್ತದೆ, ಚಿಮಟದಿಂದ ಮತ್ತೆ ಜಾಗಕ್ಕೆ ತರಬೇಕು. ಆಮೇಲೆ ಅದು ಗಾಜಿನಂತೆ ತಿಳಿಯಾಗುತ್ತದೆ, ಸಂದಿಯಲ್ಲಿ ಬೆಳ್ಳಿಯ ಗೆರೆಯೊಂದು ಮಿಂಚಿ ಓಡುತ್ತದೆ. ಆ ಕ್ಷಣಕ್ಕೆ ಬೆಂಕಿ ತೆಗೆದುಬಿಡಿ.

ಅಪ್ಪಟ ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್ ಹತ್ತಿರ. ಸ್ಟರ್ಲಿಂಗ್ ಸುಮಾರು 800ರಲ್ಲೇ ಮೆತ್ತಗಾಗತೊಡಗಿ 900 ಮುಟ್ಟುವುದರೊಳಗೆ ನೀರಾಗುತ್ತದೆ. ನನ್ನಂಥ ಅವಸರದವರಿಗೆ ಆ ಅಂತರವೇ ಜೀವದಾನ. ಹಾಗಂತ ಪಟ್ಟಿಯನ್ನು ಸುಟ್ಟುಕೊಂಡಿಲ್ಲ ಅಂತಲ್ಲ. ತಗಡಿಗೆ ಬೆಸೆಯುವಾಗ ತಗಡು ದಪ್ಪ, ನಿಧಾನ ಕಾಯುತ್ತದೆ. ಪಟ್ಟಿ ತೆಳು, ನೋಡುತ್ತಿದ್ದಂತೆ ಬಾಡಿದ ಎಲೆಯಂತೆ ಮುದುಡುತ್ತದೆ. ನಾಲ್ಕು ಹಾಗೆ ಹೋದ ಮೇಲೆ ಜ್ವಾಲೆಯನ್ನು ಅಡಿಯಿಂದ ಕೊಡುವುದು ರೂಢಿಯಾಯಿತು.

925ರ ಪಟ್ಟಿ ಗಟ್ಟಿ. ಗಟ್ಟಿತನವೇ ಅದರ ಗುಣ, ಅದರ ದೋಷವೂ. ಒಳಗಿನ 7.5% ತಾಮ್ರ ಬೆಂಕಿಗೆ ಕಪ್ಪಾಗುತ್ತದೆ, ಆ ಕಲೆ ಮೆರುಗಿನ ಅಡಿಯಲ್ಲಿ ಮೋಡದಂತೆ ಉಳಿಯುತ್ತದೆ. ಕಲ್ಲನ್ನು ಹಿಡಿಯುವಂತೆ ಅಂಚು ಮಡಿಸಲು ಹೆಚ್ಚು ಒತ್ತಬೇಕು, ಒತ್ತಿದ್ದು ತುಸು ವಾಪಸ್ ಚಿಮ್ಮುತ್ತದೆ. ಒಮ್ಮೆ ಹಾಗೆ ಒತ್ತುವಾಗ ಪುಶರ್ (ಅಂಚು ಒತ್ತುವ ಉಪಕರಣ) ಜಾರಿ, ಚಂದ್ರಕಾಂತ ಕಲ್ಲಿನ ಒಂದು ಮೂಲೆ ಹೋಯಿತು. ಓಪಲ್‌ಗಂತೂ ಕೈ ಹಾಕಲೇ ಇಲ್ಲ; ಅದರ ಗಡಸು 5.5ರಿಂದ 6.5, ಒಳಗೆ ನೀರಿನ ಅಂಶ ಬೇರೆ. ಅಪ್ಪಟ ಬೆಳ್ಳಿಯಾದರೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಎದುರುಬದುರು ಒತ್ತುತ್ತಾ ಹೋದರೆ ಬೆಣ್ಣೆಯಂತೆ ಬಾಗಿ ಕಲ್ಲಿಗೆ ಒರಗುತ್ತದೆ.

ಮೆತ್ತಗಿರುವುದಕ್ಕೆ ದಂಡವೂ ಇದೆ. ದಿನವೂ ಹಾಕುವ ಉಂಗುರಕ್ಕೆ 0.32 ಸಾಲದು, ಬಾಗಿಲ ಹಿಡಿಗೆ ತಾಗಿ ತಾಗಿ ಅಂಚು ಸವೆಯುತ್ತದೆ. ಉಂಗುರಕ್ಕೆ ನಾನು 26 ಗೇಜ್, ಅಂದರೆ 0.4 ಮಿ.ಮೀ. ಬಳಸುತ್ತೇನೆ. ಪದಕಕ್ಕೂ ಓಲೆಗೂ ತೆಳುವಾದದ್ದೇ ಸಾಕು.

ಹೊತ್ತಿನ ಲೆಕ್ಕ: ಕಪ್ ಆದರೆ ಹತ್ತು ನಿಮಿಷ, ಪಟ್ಟಿ ನನ್ನ ಕೈಗೆ ಮುಕ್ಕಾಲು ಗಂಟೆ. ಒಂದೇ ಅಳತೆಯ ಇಪ್ಪತ್ತು ಜೊತೆ ಓಲೆ ಮಾಡುವವರು ನಾನು ಹೇಳಿದ್ದನ್ನು ಕೇಳಬೇಡಿ, ಯಂತ್ರದಲ್ಲಿ ಕೊಯ್ದ ಸಮಾನ ಕಲ್ಲು ತಂದು ಕಪ್ ಹಾಕಿ. ದುಡ್ಡಿನ ಲೆಕ್ಕದಲ್ಲಿ ಬಿಡಿಯಾಗಿ ಕಪ್ ಅಗ್ಗ ಅನಿಸುತ್ತದೆ. ಆದರೆ ನನ್ನ ಕಲ್ಲುಗಳಿಗೆ ಹೊಂದುವ ಅಳತೆ ಡಬ್ಬಿಯಲ್ಲಿ ಎಂದೂ ಇರುವುದಿಲ್ಲ, ಹೊಂದದ ಅಳತೆಗಳು ಬಂಡವಾಳವಾಗಿ ಕೊಳೆಯುತ್ತವೆ. ಸುರುಳಿಯಲ್ಲಿ ಮಾತ್ರ ಬೇಕಾದಷ್ಟೇ ಕತ್ತರಿಸಿಕೊಳ್ಳುತ್ತೇನೆ, ಉಳಿದ ತುಂಡು ಮುಂದಿನ ಚಿಕ್ಕ ಕಲ್ಲಿಗೆ ಆಗುತ್ತದೆ. ನನ್ನ ಬಳಿ ಇರುವುದು ಒಂದು ಬ್ಯೂಟೇನ್ ಟಾರ್ಚ್. ಮೆರುಗು ಕೊಡುವ ಮೋಟಾರೂ ಇಲ್ಲ. ಕಲೆ ಬಿಡದ 999 ನನಗೆ ಉಜ್ಜುವ ಎಷ್ಟೋ ಹೊತ್ತನ್ನು ಉಳಿಸಿದೆ.

ಆ ಲ್ಯಾಬ್ರಡೊರೈಟ್ ಹಾಳಾಗಲಿಲ್ಲ. ಪಟ್ಟಿಯನ್ನು ಅರ್ಧ ಮಿಲಿಮೀಟರ್ ಎತ್ತರ ಬಿಟ್ಟು ಸುತ್ತಿದೆ, ಚಕ್ಕೆ ಎದ್ದ ಅಂಚು ಬೆಳ್ಳಿಯೊಳಗೆ ಮರೆಯಾಯಿತು, ಬೆನ್ನಿನ ಗೀರು ತಗಡಿನ ಕಡೆಗೆ ಹೋಯಿತು. ಕೊಂಡವರಿಗೆ ಎರಡನ್ನೂ ಹೇಳಿಯೇ ಕೊಟ್ಟೆ. ಅವರು ತಿರುಗಿಸಿ ತಿರುಗಿಸಿ ನೀಲಿಯನ್ನೇ ನೋಡುತ್ತಿದ್ದರು.

ಉಳಿದ 39 ಕಪ್‌ಗಳಿಗೂ ಈಗ ಒಂದು ದಾರಿ ಸಿಕ್ಕಿದೆ. ಗೂಡಿನ ಸುತ್ತ ಇಡಲು ಸಣ್ಣ ಬೆಳ್ಳಿ ಮಣಿ ಬೇಕಾದಾಗಲೆಲ್ಲ ಒಂದನ್ನು ಚೂರು ಮಾಡಿ, ಇದ್ದಿಲಿನ ತುಂಡಿನ ಮೇಲಿಟ್ಟು ಟಾರ್ಚ್ ಹಿಡಿಯುತ್ತೇನೆ. ಚೂರುಗಳು ಕರಗಿ ತಾವಾಗಿಯೇ ದುಂಡಗಾಗುತ್ತವೆ. ಇಲ್ಲಿಯವರೆಗೆ ಆರು ಹೋಗಿವೆ.