ಆರ್‌ಸಿ ಸಾಕಾ, ಪಾಸ್‌ಪೋರ್ಟ್ ಬೇಕಾ?

ಆರ್‌ಸಿ, ಅಂದರೆ ಟಿಬೆಟನ್ನರಿಗೆ ಭಾರತದಲ್ಲಿ ವಾಸಕ್ಕೆ ಕೊಡುವ ನೋಂದಣಿ ಪತ್ರ, ಇಟ್ಟುಕೊಳ್ಳೋದಾ, ಭಾರತದ ಪಾಸ್‌ಪೋರ್ಟ್ ಮಾಡಿಸೋದಾ ಅಂತ ಬೈಲಕುಪ್ಪೆಯ ಟಿಬೆಟನ್ ಗೆಳೆಯ ಕೇಳಿದ್ದಕ್ಕೆ ಉತ್ತರ ಇದು. ಮೊದಲು ಹುಟ್ಟಿದ ತಾರೀಖು ನೋಡಿ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲೇ ಹುಟ್ಟಿದವರು ಕಾನೂನಿನ ಪ್ರಕಾರ ಭಾರತೀಯರೇ.

ಓಡಾಟಕ್ಕೆ ಪಾಸ್‌ಪೋರ್ಟೇ ಸುಲಭ. ಪಾಸ್‌ಪೋರ್ಟ್ ಬದಲಿಗೆ ಟಿಬೆಟನ್ನರಿಗೆ ಕೊಡುವ ಪ್ರಯಾಣ ಪತ್ರ, ಹಳದಿ ಹೊದಿಕೆಯ ಐಸಿ ಹಿಡಿದು ವಿಮಾನ ನಿಲ್ದಾಣದಲ್ಲಿ ನಿಂತರೆ ಪ್ರಶ್ನೆಗಳು ಜಾಸ್ತಿ. ಆರ್‌ಸಿಯನ್ನಂತೂ ಆಗಾಗ ನವೀಕರಿಸಲೇಬೇಕು. ಬರೀ ಆರ್‌ಸಿಯಿಂದ ಮತದಾನದ ಹಕ್ಕೂ ಸಿಗಲ್ಲ.

ಆದರೆ ಬೆಲೆ ದೊಡ್ಡದು. 2017ರ ಷರತ್ತಿನಂತೆ ಪಾಸ್‌ಪೋರ್ಟ್ ಬೇಕಿದ್ದರೆ ಆರ್‌ಸಿ, ಐಸಿ ಒಪ್ಪಿಸಿ, ಸೆಟ್ಲ್‌ಮೆಂಟ್ (ಟಿಬೆಟನ್ ಶಿಬಿರ) ವಾಸವನ್ನೂ ಬಿಡಬೇಕು. ಅಪ್ಪ ಜೋಳ ಬೆಳೆದ ಹೊಲ, ಅಮ್ಮನ ಮನೆ ಬಿಡೋದು ಸುಮ್ನೆ ಮಾತಲ್ಲ, ಅಲ್ವಾ? ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಬೆಂಗಳೂರಲ್ಲಿ ನೆಲೆಸಿ ವಿದೇಶಕ್ಕೆ ಹೋಗಿಬರುವವರಿಗೆ ಪಾಸ್‌ಪೋರ್ಟ್ ಸರಿ. ಹೊಲ ಮನೆ ನಂಬಿದವರು ಆರ್‌ಸಿ ಬಿಡುವ ಮುಂಚೆ ವಕೀಲರನ್ನು ಕೇಳಲಿ.