ಹಳೇ ಲ್ಯಾಪ್‌ಟಾಪ್‌ನ ಬಯೋಸ್ ಪಾಸ್‌ವರ್ಡ್ ತೆಗೆಸೋ ಮುಂಚೆ ಇದನ್ನ ಓದಿ

"ಐಸಿ ಚೇಂಜ್ ಮಾಡಿದೀವಿ ಸರ್, 3,500 ಆಗತ್ತೆ." ಹಳೇ ಡೆಲ್ ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್ ಒಂದರ ಸ್ಟಾರ್ಟಪ್ ಪಾಸ್‌ವರ್ಡ್ (ಆನ್ ಮಾಡಿದ ಕೂಡ್ಲೇ, ವಿಂಡೋಸ್‌ಗೂ ಮುಂಚೆ, ಬಯೋಸ್ ಅನ್ನೋ ಮೂಲ ಪ್ರೋಗ್ರಾಮ್ ಕೇಳೋದು) ತೆಗೆದಿದ್ದಕ್ಕೆ ಅಂಗಡಿಯವರು ಹೇಳಿದ ಲೆಕ್ಕ. ಬಿಲ್ ಇಲ್ಲ. ಐಸಿಯೂ, ಅಂದ್ರೆ ಬಯೋಸ್ ಇರೋ ಚಿಪ್ಪೂ, ಬದಲಾಗಿಲ್ಲ!

ಎಫ್2 ಒತ್ತಿ ಸೆಟಪ್‌ಗೆ ಹೋದ್ರೆ, ಅದು ಮೊದಲಿದ್ದ ಆಫೀಸಿನವರು ಗುರುತಿಗೆ ಹಾಕಿದ್ದ ಅಸೆಟ್ ಟ್ಯಾಗ್ ನಂಬರ್ ಹಾಗೇ ಕೂತಿದೆ. ಬಯೋಸ್ ವರ್ಷನ್ನೂ ಹಳೇದೇ. ಬೇರೆ ಫೈಲ್ ತುಂಬಿದ ಬೇರೆ ಚಿಪ್ ಕೂತಿದ್ರೆ ಆ ಟ್ಯಾಗ್ ಎಲ್ಲಿಂದ ಬರತ್ತೆ? ಹಳೇ ಚಿಪ್ಪಿನ ಡೇಟಾ ಓದಿ ಅದನ್ನೇ ತಿದ್ದಿ ಬರೆದ್ರು ಅಂತಲೇ ಇಟ್ಕೊಳ್ಳೋಣ. ಹಾಗಿದ್ರೆ ತಳದ ಸ್ಕ್ರೂ ತಲೆಗಳಲ್ಲಿ ಕಟ್ಟಿದ ಧೂಳು ಯಾಕೆ ಅಲ್ಲಾಡಿಲ್ಲ? ಮುಚ್ಚಳ ಬಿಚ್ಚೇ ಇಲ್ಲ ಸ್ವಾಮಿ.

ಹಳೇ ಐಸಿ ಕೊಡಿ ಅಂದ್ರೆ "ಬಿಸಾಕಿ ಆಯ್ತು." ಸ್ಕ್ರೂನೇ ಬಿಚ್ಚಿಲ್ವಲ್ಲ ಅಂದ್ರೆ "ಇದು ಸಾಫ್ಟ್‌ವೇರ್ ಐಸಿ ಸರ್, ನಿಮಗೆ ಗೊತ್ತಾಗಲ್ಲ." ಸಾಫ್ಟ್‌ವೇರ್ ಐಸಿ! ಕೊನೆಗೆ "ಕೆಲಸ ಆಯ್ತಲ್ವಾ, ಇನ್ನೇನು ನಿಮ್ದು?" ಆಮೇಲೆ ಫೋನೇ ಎತ್ತಲ್ಲ.

ಆ "ಕೆಲಸ" ಏನು ಗೊತ್ತಾ? ಬರೀ ಒಂದು ಕೋಡ್ ಟೈಪ್ ಮಾಡೋದು. ಈ ಡೆಲ್‌ಗಳಲ್ಲಿ ಪಾಸ್‌ವರ್ಡ್ ಕೇಳೋ ಪರದೆ ಮೇಲೇ 7 ಅಕ್ಷರದ ಸರ್ವಿಸ್ ಟ್ಯಾಗ್, ಅದಕ್ಕೊಂದು 4 ಅಕ್ಷರದ ಬಾಲ ಇರತ್ತೆ: 595ಬಿ, 2ಎ7ಬಿ, 1ಡಿ3ಬಿ, 1ಎಫ್66 ಹೀಗೆ. ಆ ಸಂಖ್ಯೆಯಿಂದಲೇ ಅನ್‌ಲಾಕ್ ಕೋಡ್ ಲೆಕ್ಕ ಆಗತ್ತೆ. ಯಂತ್ರ ನಿಮ್ಮದೇ ಅಂತ ದಾಖಲೆ ತೋರಿಸಿ, ನಿಮ್ಮ ಮಾಡೆಲ್‌ಗೆ ಈಗಲೂ ಕೋಡ್ ಕೊಡ್ತಾರಾ ಅಂತ ಡೆಲ್ ಸಪೋರ್ಟ್‌ನಲ್ಲಿ ಕೇಳೋದು ಸರಿಯಾದ ದಾರಿ. ಕೋಡ್ ಟೈಪ್ ಮಾಡಿ, ಕಂಟ್ರೋಲ್ ಹಿಡಿದು ಎಂಟರ್ ಒತ್ತಬೇಕು. ಬರೀ ಎಂಟರ್ ಒತ್ತಿದ್ರೆ ಎಷ್ಟೋ ಮಾಡೆಲ್‌ಗಳಲ್ಲಿ ಸರಿ ಕೋಡೂ ತಪ್ಪು ಅಂತ ಬರತ್ತೆ. ಆಮೇಲೆ ಸೆಕ್ಯುರಿಟಿ ಮೆನುವಿನಲ್ಲಿ ಅಡ್ಮಿನ್, ಸಿಸ್ಟಮ್ ಎರಡೂ ಪಾಸ್‌ವರ್ಡ್ ಖಾಲಿ ಇದೆಯಾ ನೋಡಿ. ಅಷ್ಟೇ! ಬಾಲ 8ಎಫ್‌ಸಿ8 ಇದ್ರೆ ಹೊಸ ಯಂತ್ರ, ಹಳೇ ಲೆಕ್ಕ ನಡೆಯಲ್ಲ.

ಮದರ್‌ಬೋರ್ಡ್ ಮೇಲಿನ ಪುಟ್ಟ ಸಿಮಾಸ್ ಸೆಲ್ (ಬ್ಯಾಟರಿ) ತೆಗೆದಿಟ್ರೆ ಪಾಸ್‌ವರ್ಡ್ ಹೋಗತ್ತೆ ಅನ್ನೋರ ಮಾತು ಕೇಳ್ಬೇಡಿ. ಲ್ಯಾಟಿಟ್ಯೂಡ್‌ನಲ್ಲಿ ಪಾಸ್‌ವರ್ಡ್ ಅಲ್ಲಿರಲ್ಲ, ಗಡಿಯಾರ ಮಾತ್ರ ಕೆಡತ್ತೆ.

ನಿಜವಾಗ್ಲೂ ಐಸಿ ಕೆಲಸ ಬೇಕಾಗೋದು ಲೆನೊವೊ ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್‌ಗೆ, ಅಂದ್ರೆ ಬಯೋಸ್ ಸೆಟ್ಟಿಂಗ್ ಕಾಯೋ ಪಾಸ್‌ವರ್ಡ್‌ಗೆ. ಹಳೇ ಮಾಡೆಲ್‌ಗಳಲ್ಲಿ ಅದು ಈಪ್ರಾಮ್ ಅನ್ನೋ ಬೇರೆಯೇ ಪುಟ್ಟ ಮೆಮೊರಿ ಚಿಪ್‌ನಲ್ಲಿರತ್ತೆ. ಮರೆತರೆ ಮದರ್‌ಬೋರ್ಡೇ ಬದಲಿಸಿ ಅಂತ ಲೆನೊವೊ ಹೇಳತ್ತೆ. ಚಿಪ್ ಕೆಲಸದಲ್ಲೂ ಬೇರೆ ಥರ ಹೊಡೆತ ಇದೆ. ನಿಮ್ಮ ಚಿಪ್ಪಿನ ಬ್ಯಾಕಪ್ ತಗೊಳ್ದೆ ಯಾರದೋ ಬಯೋಸ್ ಫೈಲ್ ತುಂಬಿದ್ರೆ ಸರ್ವಿಸ್ ಟ್ಯಾಗ್, ಯುಯುಐಡಿ (ಯಂತ್ರದ ವಿಶಿಷ್ಟ ಗುರುತಿನ ಸಂಖ್ಯೆ), ವಿಂಡೋಸ್ 8 ಅಥವಾ ಅದರ ನಂತರದ ವಿಂಡೋಸ್ ಜೊತೆ ಬಂದ ಯಂತ್ರ ಆದ್ರೆ ಒಳಗಿದ್ದ ವಿಂಡೋಸ್ ಕೀ, ಎಲ್ಲಾ ಗೋವಿಂದ. ಚಿಪ್ ಓದಿ ಬರೆಯೋಕೆ ಬಳಸೋ ಆ ಅಗ್ಗದ ಕಪ್ಪು ಸಿಎಚ್341ಎ ಪ್ರೋಗ್ರಾಮರ್ ಸಾಧನ ಬೇರೆ, 3.3 ವೋಲ್ಟ್ ಚಿಪ್ಪಿನ ಡೇಟಾ ಕಾಲುಗಳಿಗೆ 5 ವೋಲ್ಟ್ ಕೊಡತ್ತೆ. ಚಿಪ್ಪಿನ ಡೇಟಾನ ಎರಡು ಸಲ ಓದಿ ಹೋಲಿಸದೆ ಬರೆಯೋಕೆ ಬಿಡ್ಬೇಡಿ.

ಹಾರ್ಡ್ ಡಿಸ್ಕ್ ಪಾಸ್‌ವರ್ಡ್ ಬೇರೆ ಕಥೆ. ಅದು ಡಿಸ್ಕ್ ಒಳಗೇ ಇರೋದು, ಬಯೋಸ್ ಚಿಪ್ ಬದಲಿಸಿದ್ರೂ ಹೋಗಲ್ಲ. ಹೋಗತ್ತೆ ಅಂತ ದುಡ್ಡು ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ಬೆಂಗಳೂರಿನ ಎಸ್‌ಪಿ ರೋಡ್ ಆಗ್ಲಿ, ನಿಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿ ಆಗ್ಲಿ, ಲ್ಯಾಪ್‌ಟಾಪ್ ಕೊಡೋ ಮುಂಚೆ ಪಾಸ್‌ವರ್ಡ್ ಕೇಳೋ ಪರದೆಯ ಫೋಟೋ ತೆಗೀರಿ. ಒಂದೆರಡು ಸ್ಕ್ರೂ ಮೇಲೆ ನೇಲ್ ಪಾಲಿಶ್ ಚುಕ್ಕೆ ಇಡಿ, ಬಿಚ್ಚಿದ್ರೆ ಗೊತ್ತಾಗತ್ತೆ. ಐಸಿ ಬದಲಿಸಿದೀವಿ ಅಂದ್ರೆ ಹಳೇ ಐಸಿ ಕೈಗೆ ಬಂದ ಮೇಲೇ ದುಡ್ಡು, ಅದೂ ಬಿಲ್ ಮೇಲೆ. ಸಾಫ್ಟ್‌ವೇರ್ ಐಸಿ ಅಂತೆ, ಥೂ.