‘ಟೇಕ್’ಗೆ ಸ್ಪ್ಯಾನಿಷ್‌ನಲ್ಲಿ ಯಾವುದು: ತೊಮಾರ್, ಕೊಹೆರ್, ಯೆವಾರ್?

ಇಂಗ್ಲಿಷಿನ ‘ಟೇಕ್’ ಬಂದಾಗ ಈ ಮೂರರಲ್ಲಿ ಯಾವುದನ್ನು ಆರಿಸಲಿ ಅಂತ ಕೇಳಿದ್ದೀರಿ. ಮೊದಲು ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

‘ಕರ್ಕೊಂಡು ಹೋಗು’, ‘ತಗೊಂಡು ಹೋಗು’ ಅಂತ ಬಂದರೆ ಯೆವಾರ್. ‘ತೆ ಯೆವೊ ಆ ಲಾ ಎಸ್ತಾಸಿಯೊನ್’ ಅಂದರೆ ನಿನ್ನನ್ನು ಸ್ಟೇಷನ್ನಿಗೆ ಕರ್ಕೊಂಡು ಹೋಗ್ತೀನಿ. ಮಗುವಾಗಲಿ, ಕೊಡೆಯಾಗಲಿ, ಅದೇ ಕ್ರಿಯಾಪದ. ಬರೀ ‘ತಗೋ’ ಆದರೆ ತೊಮಾರ್: ಮಾತ್ರೆ, ಕಾಫಿ, ನಿರ್ಧಾರ.

ನಿಜವಾದ ಗೊಂದಲ ಬಸ್ ಹಿಡಿಯುವಾಗ. ಸ್ಪೇನ್‌ನಲ್ಲಿ ‘ಕೊಹೆರ್ ಎಲ್ ಔತೊಬುಸ್’ ದಿನನಿತ್ಯದ ಮಾತು, ಯಾರೂ ಹುಬ್ಬೇರಿಸುವುದಿಲ್ಲ. ಅದೇ ಮಾತು ಮೆಕ್ಸಿಕೊ, ಅರ್ಜೆಂಟೀನಾದಲ್ಲಿ ಅಸಭ್ಯ. ಅಲ್ಲಿ ಕೊಹೆರ್‌ಗೆ ಲೈಂಗಿಕ ಅರ್ಥವೇ ಮೊದಲು ಹೊಳೆಯುತ್ತದೆ. ಓದುಗರು ಎಲ್ಲಿಯವರು ಅಂತ ಗೊತ್ತಿಲ್ಲವಾದರೆ ತೊಮಾರ್ ಬಳಸಿ. ಅದು ಎರಡೂ ಕಡೆ ಅರ್ಥವಾಗುತ್ತದೆ. ಓದುಗರೆಲ್ಲ ಮ್ಯಾಡ್ರಿಡ್ ಕಡೆಯವರಾದರೆ ಕೊಹೆರ್ ಜಾಸ್ತಿ ಸಹಜ, ಸುಮ್ನೆ ಹೆದರಿ ಬಿಡಬೇಡಿ. ತೊಮಾರ್‌ಗೂ ಒಂದು ತಿರುವು ಇದೆ: ಲ್ಯಾಟಿನ್ ಅಮೆರಿಕದಲ್ಲಿ ‘ತೋಮಾ ಮೂಚೊ’ ಅಂದರೆ ಸಿಕ್ಕಾಪಟ್ಟೆ ಮದ್ಯ ಕುಡಿಯುತ್ತಾನೆ ಅಂತ.

ರೂಪ ಕಲಿಯಲು ತೊಮಾರ್, ಯೆವಾರ್ ಸುಲಭ, ಎರಡೂ ನಿಯಮದಂತೆ ನಡೆಯುತ್ತವೆ. ಕೊಹೆರ್‌ನಲ್ಲಿ ‘ನಾನು’ ರೂಪ ಬರೆಯುವಾಗ ಅಕ್ಷರ ಬದಲಾಗುತ್ತದೆ, ಉಚ್ಚಾರ ಅಲ್ಲ.

‘ಎರಡು ಗಂಟೆ ಹಿಡಿಯುತ್ತೆ’ ಅನ್ನಲು ಯೆವಾರ್ ನಡೆಯುತ್ತದೆ, ತರ್ದಾರ್ ಕೂಡ. ಫೋಟೊ ತೆಗೆಯುವುದಕ್ಕೆ ಮಾತ್ರ ನಾನು ಈ ಮೂರನ್ನೂ ಬಿಟ್ಟು ಸಕಾರ್ ಅನ್ನುವ ಕ್ರಿಯಾಪದದ ಕಡೆಗೇ ವಾಲುತ್ತೇನೆ.